ಮಾಮಲೇದಾರರ ನಿದ್ದೆ ಮತ್ತು ನಾನು ಹೇಳದ ಹೆಸರು

ಸರಕಾರ ಇಂದೋ ನಾಳೆಯೋ ತಮ್ಮ ಮೇಲೆ ರಾಜದ್ರೋಹದ ಖಟ್ಲೆ ಹಾಕುತ್ತದೆ ಎಂದು ನಮ್ಮ ಯಜಮಾನರು ಗಟ್ಟಿಯಾಗಿ ನಂಬಿಕೊಂಡಿದ್ದರು. ಬೆಳಗಾವಿಯಲ್ಲಿ ಅವರದೊಂದು ವಾರಪತ್ರಿಕೆ. ಮನೆಯ ಮುಂದಿನ ಪಡಸಾಲೆಯಲ್ಲಿ ಅಚ್ಚುಕೂಟ, ಹಿಂದೆ ಅಡಿಗೆಮನೆ, ನಡುವೆ ಒಂದು ಪರದೆ. ಊರಿನಲ್ಲಿ ಆ ದೊಡ್ಡ ಅಧಿವೇಶನ ನಡೆದುಹೋದ ಮೇಲಿನ ದಿನಗಳು ಅವು. ಖಾದಿ ಉಡದವರೆಲ್ಲ ಖಾದಿ ಉಡುತ್ತಿದ್ದರು, ಬರೆಯದವರೆಲ್ಲ ಬರೆಯತೊಡಗಿದ್ದರು. ಸುತ್ತಲಿನ ಊರುಗಳ ಸಂಪಾದಕರು ಒಬ್ಬೊಬ್ಬರಾಗಿ ಜೈಲಿಗೆ ಹೋಗಿ ಬಂದು ಕೊರಳಿಗೆ ಹಾರ ಹಾಕಿಸಿಕೊಳ್ಳುತ್ತಿದ್ದರು. ನಮ್ಮವರು ತಮ್ಮ ಪಾಳಿಗಾಗಿ ಒಂದು ಕೈಚೀಲ ತುಂಬಿ ಗೂಟಕ್ಕೆ ತೂಗುಹಾಕಿದ್ದರು. ಧೋತರ, ಕಂಬಳಿ, ವಿಭೂತಿ, ನಾನು ಕುಟ್ಟಿ ಕೊಟ್ಟ ಶೇಂಗಾ ಚಟ್ನಿಪುಡಿ. ಪುಡಿ ಕಮಟು ಹಿಡಿಯುತ್ತದೆಂದು ಆಗಾಗ ಅದನ್ನು ಊಟಕ್ಕೆ ಬಳಸಿ, ಹೊಸದನ್ನು ಕುಟ್ಟಿ ತುಂಬಿಸಿಡುವ ಕೆಲಸ ನನ್ನದು. ರೊಟ್ಟಿಯ ಜೊತೆ ಚಟ್ನಿಪುಡಿ ಬಂದ ದಿನ ಅವರು ಮಂಕಾಗುತ್ತಿದ್ದರು. ಸರಕಾರ ಇನ್ನೂ ತಮ್ಮನ್ನು ಗಮನಿಸಿಲ್ಲ ಎಂಬುದು ಅವರಿಗೆ ಆಗ ನೆನಪಾಗುತ್ತಿತ್ತು.

ಕೊನೆಗೂ ಖಟ್ಲೆ ಬಂತು. ಆದರೆ ಅದು ರಾಜದ್ರೋಹದ್ದಲ್ಲ. ಖಾನಾಪುರದ ಮಾಮಲೇದಾರರ ಮಧ್ಯಾಹ್ನದ ನಿದ್ದೆಯದು.

ನನ್ನ ತವರುಮನೆ ಖಾನಾಪುರ. ಅಪ್ಪ ಅಕ್ಕಿಯ ವ್ಯಾಪಾರಿ. ಮಾಮಲೇದಾರರ ಸರಕಾರಿ ಮನೆ ನಮ್ಮ ಹಿತ್ತಲಿಗೆ ಹೊಂದಿಯೇ ಇತ್ತು. ಮಾಮಲೇದಾರರೆಂದರೆ ಆಗ ತಾಲೂಕಿಗೆ ಅರಸರಿದ್ದಂತೆ. ಕಂದಾಯವೂ ಅವರ ಕೈಯಲ್ಲಿ, ಸಣ್ಣಪುಟ್ಟ ವ್ಯಾಜ್ಯಗಳ ತೀರ್ಪೂ ಅವರ ಕೈಯಲ್ಲಿ. ಈ ಮಾಮಲೇದಾರರು ಸದಾ ಒಂದು ಕರಿ ಕನ್ನಡಕ ಹಾಕಿಕೊಂಡಿರುತ್ತಿದ್ದರು. ಕಣ್ಣಿನ ಬೇನೆ ಎಂದು ಊರೆಲ್ಲ ಮರುಗುತ್ತಿತ್ತು. ನನ್ನ ಅಮ್ಮನಂತೂ ನಂದಿಬಟ್ಟಲ ಹೂವು ಕಳಿಸಿ, ಅದರ ರಸ ಹಿಂಡಿಕೊಳ್ಳಿರೆಂದು ಹೇಳಿಕಳಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನಾನು ತವರಿಗೆ ಹೋದಾಗ ಮಾಮಲೇದಾರರ ಹೆಂಡತಿ ಹಪ್ಪಳ ಲಟ್ಟಿಸಲು ನನ್ನನ್ನು ಕರೆದರು. ನನಗಿಂತ ಹತ್ತಾರು ವರ್ಷ ಹಿರಿಯರು. ಧಾರವಾಡದ ಕಡೆಯವರು, ಮಾತು ಕಡಿಮೆ. ಇಬ್ಬರೂ ಎದುರುಬದುರು ಕುಳಿತು ಲಟ್ಟಿಸುತ್ತಿದ್ದೆವು. ಮಾತಿಗೆ ಉತ್ತರ ಬರಲಿಲ್ಲವೆಂದು ತಲೆಯೆತ್ತಿ ನೋಡಿದರೆ ಅವರು ಲಟ್ಟಣಿಗೆ ಹಿಡಿದಂತೆಯೇ ನಿದ್ದೆ ಹೋಗಿದ್ದರು. ನೋಡನೋಡುತ್ತಿದ್ದಂತೆ ಹಣೆ ಮೆಲ್ಲಗೆ ಕೆಳಗಿಳಿದು ಮಣೆಯ ಮೇಲಿನ ಹಪ್ಪಳಕ್ಕೆ ತಾಗಿತು. ನಾನು ಎಬ್ಬಿಸಿದಾಗ ಹಪ್ಪಳ ಹಣೆಗೇ ಅಂಟಿಕೊಂಡು ಬಂತು. ನನಗೆ ನಗು ತಡೆಯಲಿಲ್ಲ. ಅವರು ಮಾತ್ರ ಹಪ್ಪಳ ಬಿಡಿಸಿಕೊಂಡು ಅಳತೊಡಗಿದರು.

ಆಮೇಲೆ ಎಲ್ಲವೂ ಹೊರಗೆ ಬಂತು. ಅವರ ಗಂಡನಿಗೆ ಕಣ್ಣಿನ ಬೇನೆಯೇ ಇರಲಿಲ್ಲ. ಊಟ ಮುಗಿಸಿ ಕಚೇರಿಗೆ ಹೋಗಿ ಕುಳಿತರೆ, ಕನ್ನಡಕದ ಹಿಂದೆ ಸಂಜೆಯವರೆಗೆ ಸುಖನಿದ್ದೆ. ಅವರ ಎಡಗಾಲಿನ ಹೆಬ್ಬೆರಳಿಗೆ ಒಂದು ಕರಿ ದಾರ. ಅದು ಮೇಜಿನ ಕೆಳಗಿಂದ ಹಾದು ಹಿಂದೆ ನಿಂತ ಪಟ್ಟೇವಾಲಾನ, ಅಂದರೆ ಕಚೇರಿಯ ಜವಾನನ, ಕೈ ಸೇರುತ್ತಿತ್ತು. ವಕೀಲರ ವಾದ ಮುಗಿದು ಎಲ್ಲರೂ ಸುಮ್ಮನಾದ ಕೂಡಲೆ ಪಟ್ಟೇವಾಲಾ ದಾರ ಎಳೆಯುವನು. ಸಾಹೇಬರು ಅರ್ಧ ಎಚ್ಚರದಲ್ಲಿ “ಮುಂದಿನ ತಾರೀಖು ಕೊಡ್ರಿ” ಎನ್ನುವರು. ಮತ್ತೆ ನಿದ್ದೆ. ಇದನ್ನು ಅವರು ತಾವು ಕಂಡುಹಿಡಿದ ದೊಡ್ಡ ಯಂತ್ರವೆಂಬಂತೆ ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಹೀಗಾಗಿ ಖಾನಾಪುರದಲ್ಲಿ ಮಧ್ಯಾಹ್ನಕ್ಕೆ ಬಿದ್ದ ವ್ಯಾಜ್ಯ ಒಂದೂ ತೀರುತ್ತಿರಲಿಲ್ಲ. ಕಣಕುಂಬಿಯ ಇಬ್ಬರು ಒಂದು ಎಮ್ಮೆಗರುವಿಗಾಗಿ ಜಗಳವಾಡಿ ಕಾಡು ದಾಟಿ ಕಚೇರಿಗೆ ಬರುತ್ತಿದ್ದರು. ಮುಂದಿನ ತಾರೀಖು, ಮುಂದಿನ ತಾರೀಖು ಎನ್ನುವಷ್ಟರಲ್ಲಿ ಆ ಕರು ಎಮ್ಮೆಯಾಗಿ, ಅದೂ ಒಂದು ಕರು ಹಾಕಿ, ಈಗ ವ್ಯಾಜ್ಯಗಳು ಎರಡಾಗಿದ್ದವು.

ಆದರೆ ಮಾಮಲೇದಾರರ ಹೆಂಡತಿಯ ಕಷ್ಟ ಬೇರೆ. ಹಗಲೆಲ್ಲ ಮಲಗಿದ ಮನುಷ್ಯನಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಅವರು ಹಾವುಗೆ ಮೆಟ್ಟಿಕೊಂಡು ಪಡಸಾಲೆಯಲ್ಲಿ ಟಕಟಕ ಅಡ್ಡಾಡುತ್ತಿದ್ದರು. ಹೆಂಡತಿಯನ್ನು ಎಬ್ಬಿಸಿ ಚಹಾ ಮಾಡಿಸುತ್ತಿದ್ದರು. ಕಲೆಕ್ಟರ ಸಾಹೇಬರು ಒಮ್ಮೆ ತಮ್ಮ ಕಡೆ ನೋಡಿ ನಕ್ಕದ್ದರ ಅರ್ಥವೇನಿರಬಹುದು ಎಂದು ಕೇಳಿ, ಉತ್ತರ ಬರುವತನಕ ಬಿಡುತ್ತಿರಲಿಲ್ಲ. ಆ ತಾಯಿ ಸರಿಯಾಗಿ ಮಲಗಿ ಎಷ್ಟು ಕಾಲವಾಗಿತ್ತೋ.

“ನಿಮ್ಮ ಮನಿಯವ್ರು ಪೇಪರ್ ನಡಸ್ತಾರಲ್ಲ,” ಎಂದರು ಅವರು. “ಅದರಾಗ ಬಂದ್ರ ಇವರು ಅಂಜಿ ಹಗಲ ಎಚ್ಚರ ಇರ್ತಾರ. ಹಗಲ ಎಚ್ಚರ ಇದ್ರ ರಾತ್ರಿ ಮಲಗ್ತಾರ. ನಾನೂ ಮಲಗ್ತೀನಿ. ಆದ್ರ ನಾ ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು, ನಿಮ್ಮ ಮನಿಯವ್ರಿಗೂ. ಗಂಡಸರ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲವಾ. ನಾ ಸತ್ತಮ್ಯಾಲ ಬೇಕಾದ್ರ ಡಂಗುರ ಹೊಡಿ.”

ನಾನು ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದು ಆಗಲೆಂದೆ.

ಬೆಳಗಾವಿಗೆ ಮರಳಿ ಯಜಮಾನರಿಗೆ ಸುದ್ದಿ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಯಾರು ಹೇಳಿದರು ಎಂದು ಕೇಳಿದರು. ಅದನ್ನು ಹೇಳುವುದಿಲ್ಲ ಎಂದೆ. ಸಂಪಾದಕನಿಗೆ ಸುದ್ದಿಯ ಮೂಲ ಗೊತ್ತಿರಲೇಬೇಕು ಎಂದು ಪತ್ರಿಕಾಧರ್ಮದ ಮೇಲೆ ಒಂದು ಸಣ್ಣ ಭಾಷಣ ಮಾಡಿದರು. ನಾನು ಪೂರ್ತಿ ಕೇಳಿ, ಹೇಳುವುದಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಕಡೆಗೆ ಅವರೇ ರೈಲು ಹತ್ತಿ ಖಾನಾಪುರಕ್ಕೆ ಹೋಗಿ ಕಣಕುಂಬಿಯವರ ನಡುವೆ ಕಚೇರಿಯಲ್ಲಿ ಕುಳಿತು ನೋಡಿದರು. ಮೇಜಿಗೆ ನೆಲ ಮುಟ್ಟುವಂಥ ಹಸಿರು ಬಟ್ಟೆ ಹಾಸಿದ್ದರಿಂದ ದಾರ ಕಾಣಲಿಲ್ಲ. ಆದರೆ ಪಟ್ಟೇವಾಲಾನ ಮೊಣಕೈ ಜರುಗುವುದೂ, ಆ ಕೂಡಲೆ ಮುಂದಿನ ತಾರೀಖು ಬರುವುದೂ ಕಂಡವು. ಒಬ್ಬ ವಕೀಲರು ನಡುವೆ ಸೀನಿದಾಗ, ವಾದ ಮುಗಿಯಿತೆಂದು ಪಟ್ಟೇವಾಲಾ ತಪ್ಪಿ ಎಳೆದುಬಿಟ್ಟ. ಆ ಸೀನಿಗೂ ಒಂದು ತಾರೀಖು ಸಿಕ್ಕಿತು. ಇವರಿಗೆ ಮತ್ತೆ ಸಂಶಯ ಉಳಿಯಲಿಲ್ಲ.

ಆ ವಾರದ ಪತ್ರಿಕೆಯಲ್ಲಿ ಬರೆದರು: ನ್ಯಾಯದೇವತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುವುದು ಲೋಕಕ್ಕೆಲ್ಲ ಗೊತ್ತು, ಖಾನಾಪುರದಲ್ಲಿ ಆಕೆ ಬಟ್ಟೆಯ ಹಿಂದೆ ಗೊರಕೆಯನ್ನೂ ಹೊಡೆಯುತ್ತಾಳೆ, ಕಾಲಿಗೆ ದಾರವನ್ನೂ ಕಟ್ಟಿಕೊಂಡಿದ್ದಾಳೆ. ಪತ್ರಿಕೆ ಕೈಯಿಂದ ಕೈಗೆ ಹರಿದು ಚಿಂದಿಯಾಯಿತು. ಖಾನಾಪುರ ಸ್ಟೇಷನ್ನಿನ ಟಾಂಗಾದವರು ಗಿರಾಕಿ ಬೇಡವಾದಾಗ “ಮುಂದಿನ ತಾರೀಖ್ರಿ” ಎನ್ನತೊಡಗಿದರಂತೆ.

ಮಾಮಲೇದಾರರು ಕೆಂಡವಾದರು. ದಾರದ ಸಂಗತಿ ಗೊತ್ತಿದ್ದವನು ಪಟ್ಟೇವಾಲಾ ಒಬ್ಬನೇ ಎಂದುಕೊಂಡು ಅವನನ್ನು ಕೆಲಸದಿಂದ ತೆಗೆದರು. ಹೆಂಡತಿಗೂ ತಾವೇ ಹೇಳಿದ್ದು ಅವರ ನೆನಪಿಗೇ ಬರಲಿಲ್ಲ. ಹೆಂಡತಿಗೆ ಹೇಳಿದ್ದನ್ನು ಅವರು ಯಾರಿಗೋ ಹೇಳಿದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ನಮ್ಮವರ ಮೇಲೆ ಬೆಳಗಾವಿಯ ಮ್ಯಾಜಿಸ್ಟ್ರೇಟರ ಮುಂದೆ ಅಬ್ರೂನುಕಸಾನಿಯ, ಅಂದರೆ ಮಾನಹಾನಿಯ, ಫಿರ್ಯಾದಿ ಕೊಟ್ಟರು.

ಹವಾಲದಾರ ಸಮನ್ಸ್ ತಂದಾಗ ಯಜಮಾನರು ಅದನ್ನು ಬಿಡಿಸಿ ನೋಡುವ ಮೊದಲೇ ಗೂಟದ ಮೇಲಿನ ಚೀಲ ಹೆಗಲಿಗೇರಿಸಿ, ನನಗೆ ಧೈರ್ಯ ಹೇಳಿ, ಅಚ್ಚುಮೊಳೆ ಜೋಡಿಸುವವರಿಗೆ ಕೈಮುಗಿದರು. ಆಮೇಲೆ ಓದಿದರು. ಅಬ್ರೂನುಕಸಾನಿ ಎಂಬ ಶಬ್ದ ಕಂಡಾಗ ಅವರ ಮುಖ ಇಳಿದುಹೋಯಿತು. “ಇದಕ್ಕ ಚೀಲಾ ಬ್ಯಾಡ್ರಿ,” ಎಂದ ಹವಾಲದಾರ, ಸಮಾಧಾನ ಮಾಡುವವನಂತೆ.

ನಮ್ಮ ವಕೀಲರು ಜೈನ ಮನೆತನದವರು, ಯಜಮಾನರ ಸಾಲೆಯ ಗೆಳೆಯರು. ಹೊತ್ತು ಮುಳುಗುವ ಮೊದಲು ಉಣ್ಣುವ ನೇಮ ಅವರದು. ಹೀಗಾಗಿ ಅವರ ಕಾಯ್ದೆಯ ಸಲಹೆಗಳೆಲ್ಲ ಕಿಟಕಿಯಾಚೆಯ ಸೂರ್ಯನ ಮೇಲೆ ಒಂದು ಕಣ್ಣಿಟ್ಟೇ ನಡೆಯುತ್ತಿದ್ದವು. ಒಂದು ಸಂಜೆ ನಮ್ಮ ಮನೆಗೆ ಬಂದ ಅವರು ಸಾಕ್ಷಿಯ ಕಾಯ್ದೆಯ ದಪ್ಪ ಪುಸ್ತಕ ತೆಗೆದು ಪುಟ ತಿರುವಿದರು. ಕಕ್ಷಿಗಾರ ವಕೀಲನಿಗೆ ಹೇಳಿದ್ದನ್ನು ವಕೀಲ ಹೊರಗೆ ಹಾಕಬೇಕಾಗಿಲ್ಲ. ಅಪರಾಧದ ಸುಳಿವು ಕೊಟ್ಟವರು ಯಾರೆಂದು ಪೊಲೀಸರು ಹೇಳಬೇಕಾಗಿಲ್ಲ. ಹಾಗಾದರೆ ಸಂಪಾದಕನಿಗೆ ಸುದ್ದಿ ಕೊಟ್ಟವರ ಹೆಸರು? ಅವರು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದರು.

“ಸಂಪಾದಕರ ಸುದ್ದಿನ ಇಲ್ಲ ಇದರಾಗ,” ಎಂದರು. “ಕಾಯ್ದೆ ಮಾಡಾವ್ರು ನಿಮ್ಮನ್ನ ಮರತಾರ. ಕೋರ್ಟಿನ್ಯಾಗ ಕೇಳಿದ್ರ ಹೇಳಬೇಕಾಕ್ಕೈತಿ. ಇರ್ಲಿ, ಹೇಳಿದಾವರು ಯಾರು?”

ಯಜಮಾನರು ಸಂಕೋಚದಿಂದ ಪರದೆಯ ಕಡೆಗೆ ಬೊಟ್ಟು ಮಾಡಿದರು. ನಾನು ಪರದೆಯ ಹಿಂದೆ ಅವಲಕ್ಕಿ ಹಚ್ಚುತ್ತಿದ್ದೆ. ವಕೀಲರು ಕುರ್ಚಿಯಿಂದ ಎದ್ದೇಬಿಟ್ಟರು. ಗಂಡಹೆಂಡಿರು ತಮ್ಮೊಳಗೆ ಆಡಿದ ಮಾತನ್ನು ಹೊರಗೆಡಹಲು ಯಾವ ಕೋರ್ಟೂ ಒತ್ತಾಯ ಮಾಡುವಂತಿಲ್ಲ ಎಂದು ಅದೇ ಪುಸ್ತಕದಲ್ಲಿ ಒಂದು ಕಲಮು ಇತ್ತು. ಅವರು ಅದನ್ನು ಮಂಗಳಾರತಿಯ ಹಾಡಿನಂತೆ ಗಟ್ಟಿಯಾಗಿ ಓದಿ, ಸೂರ್ಯನನ್ನು ನೋಡಿ, ಊಟಕ್ಕೆ ಓಡಿದರು.

ಹೀಗೆ, ದೇಶದ ಕಾಯ್ದೆ ಪತ್ರಿಕೆಯವನಿಗೆ ಕೊಡದ ರಕ್ಷಣೆಯನ್ನು ನಮ್ಮ ಮದುವೆ ಕೊಟ್ಟಿತು. ಯಜಮಾನರಿಗೆ ಇದು ಪೂರ್ತಿ ಹಿಡಿಸಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಬೇಕೆಂದಿದ್ದವರು ಹೆಂಡತಿಯ ಸೆರಗು ಹಿಡಿದು ಪಾರಾಗಬೇಕೇ ಎಂದು ಒದ್ದಾಡಿದರು.

ಆದರೂ ಮೊದಲ ದಿನ ಕೋರ್ಟಿನಲ್ಲಿ ಅವರು ಸೊಗಸಾಗಿ ಮಾತಾಡಿದರಂತೆ. ರಾಜದ್ರೋಹದ ಖಟ್ಲೆಗೆಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟಿದ್ದ ಭಾಷಣವನ್ನು ಅಲ್ಲಿಯೇ ಖರ್ಚು ಮಾಡಿದರು. ದಾರದ ಸಂಗತಿ ಹೇಳಿದವರು ಯಾರು ಎಂದು ಎದುರಿನ ವಕೀಲರು ಕೇಳಿದಾಗ, ನನ್ನ ಹೆಂಡತಿ ಎಂದರು. ಆಕೆಗೆ ಯಾರು ಹೇಳಿದರೆಂದು ಆಕೆ ನಿಮಗೆ ಹೇಳಿದಳು ಎಂದು ಕೇಳಿದಾಗ, ಎದೆ ಸೆಟೆದು, ಕೊರಳು ಕತ್ತರಿಸಿದರೂ ಆ ಹೆಸರು ನನ್ನ ಬಾಯಿಂದ ಹೊರಗೆ ಬರಲಾರದು ಎಂದರು. ಜನ ಚಪ್ಪಾಳೆ ತಟ್ಟಿದರು. ಮಾತು ಅಕ್ಷರಶಃ ನಿಜವೇ ಆಗಿತ್ತು. ಒಳಗೆ ಇಲ್ಲದ ಹೆಸರು ಕೊರಳು ಕತ್ತರಿಸಿದರೆ ತಾನೇ ಹೇಗೆ ಹೊರಗೆ ಬಂದೀತು?

ಅಂದು ಮನೆಗೆ ಬಂದವರೇ ಪರದೆ ಸರಿಸಿ, ಇಷ್ಟಾದ ಮೇಲಾದರೂ ತಮಗೆ ಹೇಳಬೇಕೆಂದರು. “ನಿಮಗ ಸುಳ್ಳು ಹೇಳಾಕ ಬರೂದಿಲ್ಲ,” ಎಂದೆ ನಾನು. “ಗೊತ್ತಿರದಿದ್ರ ಸುಳ್ಳಿನ ಕೆಲಸನ ಬೀಳೂದಿಲ್ಲ.” ಅವರು ಊಟಕ್ಕೆ ಕುಳಿತಾಗಲೆಲ್ಲ ಹೆಸರುಗಳನ್ನು ಊಹಿಸತೊಡಗಿದರು. ಸ್ಟೇಷನ್ ಮಾಸ್ತರರೇ? ದವಾಖಾನೆಯ ಕಂಪೌಂಡರೇ? ಹಂಚಿನ ಭಟ್ಟಿಯ ಗುಮಾಸ್ತನೇ? ನಾನು ಪ್ರತಿಯೊಂದು ಹೆಸರಿಗೂ ಒಂದು ಸೌಟು ಸಾರು ಬಡಿಸುತ್ತಿದ್ದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಎದುರಿನ ವಕೀಲರು ದಡ್ಡರಾಗಿರಲಿಲ್ಲ. ಗಂಡನನ್ನು ಕೇಳುವಂತಿಲ್ಲವಾದರೆ ಹೆಂಡತಿಯನ್ನೇ ಸಾಕ್ಷಿಗೆ ಕರೆಸುತ್ತೇವೆ ಎಂದರು. ನನಗೆ ಹೇಳಿದವರು ನನ್ನ ಗಂಡನಲ್ಲವಲ್ಲ. ಆ ಕಲಮು ನನ್ನನ್ನು ಕಾಯುತ್ತಿರಲಿಲ್ಲ. ಸಮನ್ಸ್ ಹೊರಡುತ್ತದೆಂದು ತಿಳಿದ ದಿನವೇ ನಾನು ಸೀರೆಗಳ ಗಂಟು ಕಟ್ಟಿಕೊಂಡು ಶಹಾಪುರದ ನನ್ನ ಚಿಕ್ಕಮ್ಮನ ಮನೆಗೆ ಹೋದೆ.

ಈಗಿನವರಿಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ಬೆಳಗಾವಿಯಿಂದ ಶಹಾಪುರಕ್ಕೆ ಮಾತಾಡುತ್ತ ನಡೆದರೆ ಮಾತು ಮುಗಿಯುವುದರೊಳಗೆ ಮುಟ್ಟುತ್ತೇವೆ. ಆದರೆ ಆಗ ಬೆಳಗಾವಿ ಇಂಗ್ರಜರದು, ಶಹಾಪುರ ಸಂಸ್ಥಾನದ ಅರಸರದು. ಚಿಕ್ಕಮ್ಮನ ಮನೆಯ ಹತ್ತಿರ ಎರಡು ರಾಜ್ಯಗಳ ನಡುವಿನ ಗಡಿಯೆಂದರೆ ಒಂದು ಗಟಾರು. ಈಚೆಯ ಆಕಳು ಆಚೆ ಮೇಯುತ್ತಿತ್ತು, ಆಚೆಯ ಕೋಳಿ ಈಚೆ ತತ್ತಿ ಇಡುತ್ತಿತ್ತು. ಇಂಗ್ರಜರ ಸಮನ್ಸ್ ಮಾತ್ರ ಗಟಾರು ದಾಟುವಂತಿರಲಿಲ್ಲ. ದಾಟಬೇಕಾದರೆ ದೊಡ್ಡ ಸಾಹೇಬರಿಂದ ಸಂಸ್ಥಾನದ ದಿವಾನರಿಗೆ, ಅಲ್ಲಿಂದ ಶಹಾಪುರದ ಠಾಣೆಗೆ ಕಾಗದಗಳು ಹೋಗಬೇಕಿತ್ತು. ಅವು ಹೊರಟಿದ್ದವೆಂದು ಎಲ್ಲರೂ ಹೇಳುತ್ತಿದ್ದರು. ಬಂದದ್ದನ್ನು ನಾನು ನೋಡಲಿಲ್ಲ.

ಬೆಳಗಾವಿಯ ಹವಾಲದಾರ ದಿನವೂ ಬಂದು ಗಟಾರಿನ ಆಚೆಯ ಬೇವಿನ ಮರದಡಿ ನಿಲ್ಲುತ್ತಿದ್ದ. ನಾನು ಈಚೆ ಚಿಕ್ಕಮ್ಮನ ಕಟ್ಟೆಯ ಮೇಲೆ ಕುಳಿತು ನೂಲಿನ ಲಡಿ ಸುತ್ತುತ್ತಿದ್ದೆ. ಹಿಂದೆ ಮಗ್ಗಗಳು ಲಟಪಟ ಎನ್ನುತ್ತಿದ್ದವು. ಬಿಸಿಲಿನಲ್ಲಿ ನಿಂತ ಮನುಷ್ಯನನ್ನು ನೋಡಲಾರದೆ ಚಿಕ್ಕಮ್ಮ ತಂಬಿಗೆಯಲ್ಲಿ ಮಜ್ಜಿಗೆ ಒಯ್ದು ಗಟಾರಿನ ಮೇಲಿಂದ ಚಾಚುತ್ತಿದ್ದಳು. ಅವನು ಕುಡಿದು ತಂಬಿಗೆಯನ್ನು ಹಿಂದಿರುಗಿಸುತ್ತಿದ್ದ. ಸಮನ್ಸನ್ನು ಅದೇ ತಂಬಿಗೆಯಲ್ಲಿ ಹಾಕಿ ಕೊಟ್ಟರೆ ನಡೆಯುವುದಿಲ್ಲವೇ ಎಂದು ನಾನೇ ಒಮ್ಮೆ ಕೇಳಿದೆ. “ನಡಿಯೂದಿಲ್ಲರೀ ಅಕ್ಕಾರ,” ಎಂದ. “ಕೈಯಾಗ ಕೊಡಬೇಕು, ನಮ್ಮ ಹದ್ದಿನ್ಯಾಗ ಕೊಡಬೇಕು. ಅವಸರೇನಿಲ್ಲ, ಕುಂದರ್ರಿ.” ಮಜ್ಜಿಗೆಗೆ ಇಂಗು ಒಗ್ಗರಣೆ ಬಿದ್ದ ದಿನ ಅವನು ಇನ್ನೂ ನಿಧಾನವಾಗಿ ಕರ್ತವ್ಯ ಮಾಡುತ್ತಿದ್ದ.

ಹೀಗೆಯೇ ದಿನ ಹೋಗುತ್ತಿದ್ದವೇನೋ. ಅಷ್ಟರಲ್ಲಿ ಒಂದು ಬೆಳಿಗ್ಗೆ ಖಾನಾಪುರದ ಪಟ್ಟೇವಾಲಾ ನನ್ನನ್ನು ಹುಡುಕಿಕೊಂಡು ಬಂದ. ಕೆಂಪು ಪಟ್ಟಿ ಹಾಕುತ್ತಿದ್ದ ಎದೆ ಬರಿದಾಗಿತ್ತು. ಮಗ್ಗದ ಬಾಜುವಿಗೆ ಕುಳಿತ. ಊರಲ್ಲಿ ಎಲ್ಲರೂ ಅವನನ್ನು ಉಂಡ ಮನೆಗೆ ಎರಡು ಬಗೆದವನು ಎನ್ನುತ್ತಿದ್ದರಂತೆ. ಮಾತಾಡಲು ಬಂದವರೂ ದೂರ ನಿಲ್ಲುತ್ತಿದ್ದರಂತೆ.

“ನಾ ಹೇಳಿಲ್ಲ ಅಂತ ಖರೇ ಗೊತ್ತಿದ್ದಾವರು ಈ ಜಗತ್ತಿನ್ಯಾಗ ನೀವೊಬ್ಬರ ಅದೀರಿ,” ಎಂದ. “ಯಾರು ಅಂತ ನಾ ಕೇಳೂದಿಲ್ಲ. ನಾ ಅಲ್ಲ ಅಂತಷ್ಟ ಹೇಳ್ರಿ, ಸಾಕು.”

ಆ ಮಾತು ನನ್ನನ್ನು ತಟ್ಟಿತು. ಒಬ್ಬರ ಹೆಸರು ಕಾಯುತ್ತೇನೆಂದು ಕುಳಿತಲ್ಲಿ ಇನ್ನೊಬ್ಬರ ಹೆಸರು ಕೆಡುತ್ತಿತ್ತು. ನಾನು ಲಡಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಸೀರೆಯ ನಿರಿಗೆ ಎತ್ತಿ ಹಿಡಿದು ಗಟಾರು ದಾಟಿ, ಹವಾಲದಾರನ ಮುಂದೆ ಕೈಚಾಚಿದೆ. ಅವನು ಸಮನ್ಸನ್ನು ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡೇ ನಿಂತ. “ಇಷ್ಟ ಲಗೂನ?” ಎಂದು ಬೇಸರದಿಂದ ಕೇಳಿ, ಚಿಕ್ಕಮ್ಮನ ಮನೆಯ ಬಾಗಿಲನ್ನು ಒಮ್ಮೆ ನೋಡಿದ.

ಹೆಂಗಸು ಸಾಕ್ಷಿ ಹೇಳುವುದನ್ನು ನೋಡಲು ಕೋರ್ಟಿನಲ್ಲಿ ಜನ ಕಿಕ್ಕಿರಿದಿತ್ತು. ಹೊತ್ತು ಊಟದ ನಂತರದ್ದು. ವಯಸ್ಸಾದ ಮ್ಯಾಜಿಸ್ಟ್ರೇಟರು ಮೇಲೆ ಕುಳಿತಿದ್ದರು. ಅವರ ತಲೆಯ ಮೇಲೆ ಬಟ್ಟೆಯ ದೊಡ್ಡ ಪಂಖಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗಿ, ವರಾಂಡದಲ್ಲಿ ಪಂಖಾ ಎಳೆಯುವವನ ಕೈ ಸೇರಿತ್ತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಮಾಮಲೇದಾರರು ಕರಿ ಕನ್ನಡಕ ಹಾಕಿಕೊಂಡು, ಚಪ್ಪಲಿ ಕಳಚಿ, ಗಂಭೀರವಾಗಿ ಕುಳಿತಿದ್ದರು.

ಎದುರಿನ ವಕೀಲರು ನೇರವಾಗಿಯೇ ಕೇಳಿದರು. ನಾನು ಮೊದಲು ಪಟ್ಟೇವಾಲಾನ ವಿಷಯ ಹೇಳಿದೆ: ಆ ಸುದ್ದಿ ಅಚ್ಚಾಗುವ ತನಕ ಅವನೊಂದಿಗೆ ನಾನು ಮಾತೇ ಆಡಿರಲಿಲ್ಲ. ಹಾಗಾದರೆ ಹೇಳಿದವರು ಯಾರು ಎಂದರು. ಹೇಳಲಾರೆ ಎಂದೆ. ಮ್ಯಾಜಿಸ್ಟ್ರೇಟರು ಕನಿಕರದಿಂದಲೇ, ಹೇಳದಿದ್ದರೆ ಕಾಯ್ದೆಯ ಪ್ರಕಾರ ಶಿಕ್ಷೆಯಾಗುತ್ತದೆ ಎಂದು ಎಚ್ಚರಿಸಿದರು. ನನಗೆ ಎಲ್ಲಿಂದ ಧೈರ್ಯ ಬಂತೋ.

“ವಕೀಲರಿಗೆ ಹೇಳಿದ್ದು ಹೊರಗ ಬರೂದಿಲ್ಲ,” ಎಂದೆ. “ಪೊಲೀಸರಿಗೆ ಹೇಳಿದ್ದು ಬರೂದಿಲ್ಲ. ಗಂಡ ಹೆಂಡತಿಗೆ ಹೇಳಿದ್ದು ಬರೂದಿಲ್ಲ. ನನ್ನ ಕೈ ಹಿಡಿದು, ನಂಬಿ ಹೇಳಿದಾಕಿ ಹೆಸರಷ್ಟ ಹೊರಗ ಬರಬೇಕೇನ್ರಿ?”

ಇಷ್ಟು ಹೇಳಿ ನನಗೇ ಮೆಚ್ಚುಗೆಯಾಯಿತು. ಜನ ಮಾತ್ರ ಗುಜುಗುಜು ಎಂದರು. ನಮ್ಮ ವಕೀಲರು ಹಣೆಗೆ ಕೈ ಹಚ್ಚಿದರು. ಎದುರಿನ ವಕೀಲರ ಮುಖ ಹಬ್ಬದ ದಿನದಂತೆ ಬೆಳಗಿತು. ಹೇಳಿದಾಕಿ ಎಂದೆನಲ್ಲ. ಖಾನಾಪುರ ಕಚೇರಿಯ ಗಂಡಸರೆಲ್ಲ ಒಂದೇ ಮಾತಿಗೆ ಪಾರಾಗಿ, ಊರ ಹೆಂಗಸರೆಲ್ಲ ಸಿಕ್ಕಿಬಿದ್ದಿದ್ದರು. ಯಜಮಾನರು ಆರೋಪಿಯ ಕಟಕಟೆಯಲ್ಲಿ ನಿಂತು, ಹಂಚಿನ ಭಟ್ಟಿಯ ಗುಮಾಸ್ತನನ್ನು ಕೈಬಿಟ್ಟು ಮತ್ತೆ ಮೊದಲಿನಿಂದ ಯೋಚಿಸುತ್ತಿದ್ದುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಎದುರಿನ ವಕೀಲರು ತಮ್ಮ ಕಕ್ಷಿಗಾರರ ಕಡೆ ತಿರುಗಿ, ಸಾಹೇಬರ ಮನೆಗೆ ಬಂದುಹೋಗುವ ಹೆಂಗಸರು ಯಾರು ಯಾರು ಎಂಬುದನ್ನು ಕೋರ್ಟಿಗೆ ತಿಳಿಸಬೇಕು ಎಂದರು. ಆ ಎಳೆ ಹಿಡಿದು ಹೋದರೆ ಹಪ್ಪಳದ ಮಣೆಯವರೆಗೆ ಹೋಗುವುದು ಕಷ್ಟವಿರಲಿಲ್ಲ.

ಮಾಮಲೇದಾರರು ಉತ್ತರ ಕೊಡಲಿಲ್ಲ. ಯೋಚಿಸುತ್ತಿದ್ದಾರೆ ಎಂದು ಎಲ್ಲರೂ ಕಾದರು. ವಕೀಲರು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಮತ್ತೆ ಮೌನ. ಕೋರ್ಟಿನಲ್ಲಿ ಸೂಜಿ ಬಿದ್ದರೂ ಕೇಳುವಂತಾಯಿತು. ಹೊರಗಿನ ಪಂಖಾದವನೂ ಒಳಗೇನಾಯಿತೆಂದು ಇಣುಕಲು ಎದ್ದ. ಹಗ್ಗ ಸಡಿಲಾಗಿ ಗೋಡೆಗುಂಟ ಕೆಳಗಿಳಿದು ಮಾಮಲೇದಾರರ ಬರಿಗಾಲಿನ ಮೇಲೆ ಬಿತ್ತು. ಅವನು ಗಾಬರಿಯಾಗಿ ಅದನ್ನು ಥಟ್ಟನೆ ಎಳೆದ.

“ಮುಂದಿನ ತಾರೀಖು ಕೊಡ್ರಿ,” ಎಂದರು ಮಾಮಲೇದಾರರು.

ಮ್ಯಾಜಿಸ್ಟ್ರೇಟರ ಕಾರಕೂನ ರೂಢಿಯಂತೆ ಲೇಖಣಿಯನ್ನು ಮಸಿಯಲ್ಲಿ ಅದ್ದಿ, ಯಾವ ತಾರೀಖು ಎಂದು ಕೇಳಿದ. ಅದಕ್ಕೆ ಉತ್ತರವಾಗಿ ಕರಿ ಕನ್ನಡಕದ ಹಿಂದಿನಿಂದ ಒಂದು ಸಣ್ಣ ಗೊರಕೆ ಬಂತು.

ಮೊದಲು ನಕ್ಕವರು ಎದುರಿನ ವಕೀಲರೇ. ತಡೆಯಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ, ಕರಿಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಇಡೀ ಕೋರ್ಟು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಹವಾಲದಾರ ಗೋಡೆಗೆ ಆತು ಕುಳಿತುಬಿಟ್ಟ. ಮ್ಯಾಜಿಸ್ಟ್ರೇಟರು ಮಾತ್ರ ನಗಲಿಲ್ಲ. ಅವರು ಗದ್ದಲ ತಗ್ಗುವವರೆಗೆ ಕಾದು, ನಿಧಾನವಾಗಿ ಹೇಳಿದರು: “ಫಿರ್ಯಾದಿಯವರು ಕಚೇರ್‍ಯಾಗ ಮಲಗ್ತಾರೋ ಇಲ್ಲೋ ಅನ್ನೂದಕ್ಕ ನನಗ ಇನ್ನ ಬ್ಯಾರೆ ಸಾಕ್ಷಿ ಬೇಕಾಗಿಲ್ಲ. ಹೇಳಿದಾಕಿ ಹೆಸರೂ ಬೇಕಾಗಿಲ್ಲ. ಅವರನ್ನ ಮೆಲ್ಲಕ ಎಬ್ಬಸ್ರಿ.”

ಫಿರ್ಯಾದಿ ವಜಾ ಆಯಿತು. ಎಚ್ಚರಗೊಂಡ ಮಾಮಲೇದಾರರು ತಾವು ಖಾನಾಪುರದಲ್ಲಿಯೇ ಇದ್ದೇವೆಂದು ತಿಳಿದು ಮ್ಯಾಜಿಸ್ಟ್ರೇಟರಿಗೇ ನೀರು ತರಲು ಹೇಳಿದರಂತೆ. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಆಗ ನಾನು ಹೊರಗೆ ಪಟ್ಟೇವಾಲಾನ ಜೊತೆ ನಿಂತಿದ್ದೆ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯುವಂತಿರಲಿಲ್ಲ.

ಮೇಲಿನವರಿಂದ ಮಾಮಲೇದಾರರಿಗೆ ಛೀಮಾರಿ ಬಂತು. ಪಟ್ಟೇವಾಲಾನಿಗೆ ಕೆಲಸ ಮರಳಿ ಸಿಕ್ಕಿತು. ಕನ್ನಡಕ ಹೋಯಿತು. ಮಾಮಲೇದಾರರು ಮಧ್ಯಾಹ್ನವೆಲ್ಲ ಕಣ್ಣು ಅಗಲಿಸಿ ಕುಳಿತು ತೀರ್ಪು ಕೊಡತೊಡಗಿದರು. ಕಣಕುಂಬಿಯವರಲ್ಲಿ ಒಬ್ಬನಿಗೆ ಎಮ್ಮೆ, ಇನ್ನೊಬ್ಬನಿಗೆ ಕರು ಎಂದಾಯಿತು. ಅವರು ಒಂದೇ ದಾರಿಯಲ್ಲಿ ಹೊಡೆದುಕೊಂಡು ಹೋಗುವಾಗ ಕರು ತಾಯಿಯನ್ನು ಬಿಟ್ಟು ಹೋಗಲೊಲ್ಲದೆ, ಈಗ ಎರಡೂ ಒಂದೇ ಕೊಟ್ಟಿಗೆಯಲ್ಲಿವೆ ಎಂದು ಆಮೇಲೆ ಸುದ್ದಿ ಬಂತು.

ಮುಂದಿನ ಸಲ ತವರಿಗೆ ಹೋದಾಗ ನಾನು ಮಾಮಲೇದಾರರ ಹೆಂಡತಿಯನ್ನು ಗುರುತೇ ಹಿಡಿಯಲಿಲ್ಲ. ಮುಖ ತುಂಬಿಕೊಂಡಿತ್ತು, ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ನೆರೆದ ಹೆಂಗಸರ ನಡುವೆ ನನಗೆ ಕುಂಕುಮ ಹಚ್ಚುತ್ತ, ಕೋರ್ಟಿನಲ್ಲಿ ನಿಲ್ಲಲು ನಿಮಗೆ ಅಂಜಿಕೆಯಾಗಲಿಲ್ಲವೇ ಎಂದು ಏನೂ ಅರಿಯದವರಂತೆ ಕೇಳಿದರು. ಸುಖವಾಗಿ ನಿದ್ದೆ ಮಾಡಿದ್ದಕ್ಕೋ ಏನೋ ಅವರು ದೀರ್ಘಕಾಲ ಬದುಕಿದರು. ನನ್ನ ಯಜಮಾನರಿಗಿಂತಲೂ ಹೆಚ್ಚು. ಹೀಗಾಗಿ ನಾನು ಯಜಮಾನರಿಗೆ ಆ ಹೆಸರನ್ನು ಹೇಳುವ ದಿನ ಬರಲೇ ಇಲ್ಲ.

ಆದರೆ ಅವರು ತಾವಾಗಿಯೇ ಕಂಡುಹಿಡಿದೆವೆಂದು ತಿಳಿದಿದ್ದರು. ಹೇಳಿದಾಕೆ ಹೆಂಗಸು, ಇರುವುದು ಖಾನಾಪುರದಲ್ಲಿ, ನಾನು ಜೀವ ಹೋದರೂ ಬಿಟ್ಟುಕೊಡಲಾರದವಳು. ಅಂದಮೇಲೆ ಅದು ನನ್ನ ಅಮ್ಮನೇ ಎಂದು ತೀರ್ಮಾನಿಸಿಬಿಟ್ಟರು. ನನ್ನನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಎಂದುಕೊಂಡರು. ಅಲ್ಲಿಯವರೆಗೆ ಅತ್ತೆಯ ಮಾತನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದವರು, ಅಂದಿನಿಂದ ಹಣ್ಣಿನ ಬುಟ್ಟಿ ಹೊತ್ತು ಖಾನಾಪುರಕ್ಕೆ ಹೋಗಿ, ಅವಳ ಎದುರು ನೆಲದ ಮೇಲೆ ಕುಳಿತು, ತಾಲೂಕಿನ ಸ್ಥಿತಿಗತಿ ಹೇಗಿದೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸತೊಡಗಿದರು. ಅಮ್ಮನಿಗೆ ಮೊದಲು ಗಾಬರಿಯಾಯಿತು. ಆಮೇಲೆ ಅಳಿಯನಿಗೆ ಕೊನೆಗೂ ಬುದ್ಧಿ ಬಂತೆಂದು ಸಮಾಧಾನವಾಯಿತು. ಅವಳು ತನಗೆ ಗೊತ್ತಿದ್ದ ಸ್ಥಿತಿಗತಿಯನ್ನೆಲ್ಲ ಹೇಳಿದಳು: ಪಕ್ಕದ ಮನೆಯವರ ಕೋಳಿಗಳು ಬೇಲಿ ನುಗ್ಗಿ ಬಂದು ಮೆಂತ್ಯದ ಮಡಿಯನ್ನು ಕೆದರುತ್ತವೆ, ಎಷ್ಟು ಓಡಿಸಿದರೂ ಮರಳಿ ಬರುತ್ತವೆ, ಕೇಳುವವರೇ ಇಲ್ಲ.

ಯಜಮಾನರು ಇದರ ಒಳಗಿನ ಅರ್ಥವನ್ನು ರೈಲಿನಲ್ಲಿ ಬರುತ್ತ ಬಿಡಿಸಿಕೊಂಡರು. ಆ ವಾರದ ಸಂಪಾದಕೀಯದಲ್ಲಿ, ಖಾನಾಪುರದ ಬಡವರ ಬೆಳೆಯನ್ನು ಬೇಲಿ ನುಗ್ಗಿ ಕೆದರುವ ಕೋಳಿಗಳು ಯಾರು ಎಂಬುದು ನಮಗೆ ಗೊತ್ತು, ವಿಶ್ವಸನೀಯ ಮೂಲದಿಂದಲೇ ಗೊತ್ತು, ಅವು ಇನ್ನಾದರೂ ಎಚ್ಚರವಾಗಿರಲಿ ಎಂದು ಗುಡುಗಿದರು. ಪತ್ರಿಕೆ ಖಾನಾಪುರ ಮುಟ್ಟಿದ ಮರುದಿನ ಕಂದಾಯದ ಕಾರಕೂನರಿಬ್ಬರು ಕಾರಣ ಹೇಳದೆ ರಜೆ ಹಾಕಿ ಊರು ಬಿಟ್ಟರು.